ಮಳೆ ಪುಸ್ತಕದಲ್ಲಿ ಕಾಣದ್ದು ನಕ್ಷೆಯಲ್ಲಿ ಕಂಡಿತು

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯಲ್ಲಿ ಆರು ಎಕರೆ ಕೆಂಪು ನೆಲ ಇದೆ. ಪೂರ್ತಿ ಮಳೆಯಾಶ್ರಯ. ಶೇಂಗಾ, ತೊಗರಿ, ಸಾವೆ, ನವಣೆ ಇಷ್ಟೇ ನನ್ನ ಪ್ರಪಂಚ. ಇಂಥವನು ಕಂಪ್ಯೂಟರ್ ಬಗ್ಗೆ ಬರೀತಾನೆ ಅಂದ್ರೆ ಊರಿನವರು ನಗ್ತಾರೆ. ನಗಲಿ ಬಿಡಿ. ಮೂರನೇ ಬೋರ್‌ವೆಲ್ ಕೊರೆಸಲಿಕ್ಕೆ ಮನೆಯಾಕೆಯ ಎರಡೆಳೆ ಸರ ಅಡವಿಡಲು ಹೊರಟವನನ್ನು ತಡೆದದ್ದು ಕಂಪ್ಯೂಟರಿನಲ್ಲಿ ಬರೆದ ಒಂದು ನಕ್ಷೆ. ಅದರ ಕಥೆಯನ್ನು ಹೇಳಲೇಬೇಕು ಅನ್ನಿಸಿತು.

ಮೊದಲು ಪುಸ್ತಕದ ವಿಷಯ. 2012ರ ಮುಂಗಾರಿನಿಂದ ನಾನು ಮಳೆ ಅಳೆದು ಬರೆದಿಡುತ್ತಾ ಬಂದಿದ್ದೇನೆ. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ನೇರ ಡಬ್ಬಿ ಸಾಕು. ಬಯಲಲ್ಲಿ ಒಂದು ಗೂಟಕ್ಕೆ ಅಲ್ಲಾಡದ ಹಾಗೆ ಕಟ್ಟಬೇಕು. ಹತ್ತಿರದಲ್ಲಿ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರ ಇರಲಿ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲು ಇಳಿಬಿಟ್ಟು ನೀರು ಎಷ್ಟು ಮಿಲಿಮೀಟರ್ ನಿಂತಿದೆ ಅಂತ ನೋಡಿ ಬರೆದು, ಡಬ್ಬಿ ಬರಿದು ಮಾಡಬೇಕು. ಹವಾಮಾನ ಇಲಾಖೆಯವರು ಅಳೆಯುವುದೂ ಎಂಟೂವರೆಗೇ. ಒಂದು ಮಿ.ಮೀ. ಮಳೆ ಅಂದ್ರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್. ಈ ಲೆಕ್ಕ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರವೂ ಇರುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ ಅಂತ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ತಿಂಗಳ ಲೆಕ್ಕಕ್ಕಿಂತ ನಮ್ಮ ಬಿತ್ತನೆಗೆ ಇದೇ ಸರಿಹೊಂದುತ್ತದೆ. ತಿಂಗಳಿಗೆ ಎಷ್ಟು ಮಳೆ ಅಂದ್ರೆ ನನಗೆ ಏನೂ ಹೊಳೆಯುವುದಿಲ್ಲ. ಪುಷ್ಯದಲ್ಲಿ ಎಷ್ಟು ಅಂದ್ರೆ ಶೇಂಗಾ ಎಷ್ಟು ಎತ್ತರ ಇತ್ತು ಅನ್ನೋದೂ ಕಣ್ಣಿಗೆ ಬರುತ್ತದೆ.

ಮೊತ್ತ ಒಂದೇ, ಬೆಳೆ ಬೇರೆ

ವರ್ಷದ ಕೊನೆಗೆ ಎಲ್ಲ ಕೂಡಿಸಿ ಕೆಳಗೆ ಮೊತ್ತ ಬರೆಯುತ್ತಿದ್ದೆ. ನನ್ನ ಹೊಲದಲ್ಲಿ 2013ರಲ್ಲಿ ಬಿದ್ದದ್ದು 438 ಮಿ.ಮೀ. 2014ರಲ್ಲಿ 446. ಎಂಟು ಮಿಲಿಮೀಟರ್ ವ್ಯತ್ಯಾಸ. ಆದರೆ ಒಂದು ವರ್ಷ ಶೇಂಗಾ ಎಕರೆಗೆ ಎರಡು ಚೀಲ, ಇನ್ನೊಂದು ವರ್ಷ ಏಳು ಚೀಲ. ಬೀಜ ಅದೇ, ನೆಲ ಅದೇ, ದುಡಿದವರೂ ಅವರೇ. ಆಗ ನಾನು ಬೀಜದವನನ್ನು ಬೈದೆ. ಮೊತ್ತ ನೋಡಿದವನಿಗೆ ಬೇರೆ ಏನು ಕಾಣುತ್ತೆ?

ಅಣ್ಣನ ಮಗಳು ಬಿಎಸ್ಸಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. 2024ರ ಸಂಕ್ರಾಂತಿಗೆ ಬಂದಾಗ ನನ್ನ ಪುಸ್ತಕ ತಿರುವಿ ಹಾಕಿದಳು. "ಚಿಕ್ಕಪ್ಪ, ಹನ್ನೆರಡು ವರ್ಷದ ಲೆಕ್ಕ ಇಟ್ಟುಕೊಂಡು ಬರೀ ಮೊತ್ತ ನೋಡ್ತಿದ್ದೀಯಲ್ಲ" ಅಂದಳು. ಆಮೇಲೆ ಒಂದು ಕಥೆ ಹೇಳಿದಳು. ಫ್ರಾನ್ಸಿಸ್ ಆನ್ಸ್‌ಕೋಂಬ್ ಅಂತ ಒಬ್ಬ ಸಂಖ್ಯಾಶಾಸ್ತ್ರದ ಪಂಡಿತರು 1973ರಲ್ಲಿ ನಾಲ್ಕು ಪಟ್ಟಿ ಮಾಡಿದರಂತೆ. ಒಂದೊಂದರಲ್ಲಿ ಹನ್ನೊಂದು ಜೊತೆ ಅಂಕಿ. ಸರಾಸರಿ ತೆಗೆದರೆ ನಾಲ್ಕೂ ಒಂದೇ. ಏರಿಳಿತದ ಲೆಕ್ಕ ಹಾಕಿದರೂ ಹೆಚ್ಚುಕಮ್ಮಿ ಒಂದೇ. ಆದರೆ ಚುಕ್ಕಿ ಇಟ್ಟು ನಕ್ಷೆ ಬರೆದರೆ ಒಂದು ಓರೆಯಾಗಿ ಏರುತ್ತೆ, ಇನ್ನೊಂದು ಕಮಾನಿನ ಹಾಗೆ ಬಾಗುತ್ತೆ, ಮತ್ತೊಂದರಲ್ಲಿ ಎಲ್ಲ ಚುಕ್ಕಿ ಒಂದು ಗೆರೆಯಲ್ಲಿದ್ದು ಒಂದೇ ಒಂದು ದೂರ ಹಾರಿರುತ್ತೆ, ನಾಲ್ಕನೆಯದು ಕಂಬ ನೆಟ್ಟ ಹಾಗೆ ನೇರ ನಿಲ್ಲುತ್ತೆ. ಅಂಕಿ ನೋಡಿ ತೀರ್ಮಾನ ಮಾಡುವ ಮೊದಲು ಚಿತ್ರ ಬರೆದು ನೋಡಿ ಅಂತ ಹೇಳಲಿಕ್ಕೇ ಅವರು ಹಾಗೆ ಮಾಡಿದ್ದು. ನನ್ನ 438 ಮತ್ತು 446ರ ಕಥೆ ಅದೇ ಅಲ್ಲವೇ ಅನ್ನಿಸಿತು.

ಅಂಕಿಗಳನ್ನು ಗೆರೆಯಾಗಿ, ಕಂಬವಾಗಿ ಬರೆಯುವ ರೂಢಿ ತಂದವರು ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವರು. 1786ರಲ್ಲಿ ಅವರು ಇಂಗ್ಲೆಂಡಿನ ಆಮದು ರಫ್ತಿನ ಲೆಕ್ಕವನ್ನು ಹೀಗೆ ಬರೆದು ಪುಸ್ತಕ ಮಾಡಿದರು. ನಮ್ಮ ಶಾಲೆಯ ಗ್ರಾಫ್ ಹಾಳೆ ಆ ದಾರಿಯದೇ.

ಖಾನೆಗಳ ಹಾಳೆ

ಈಗ ಕಂಪ್ಯೂಟರಿಗೆ ಬರೋಣ. ಮಗಳು ತೋರಿಸಿದ್ದು ಲಿಬ್ರೆ ಆಫೀಸ್ ಎಂಬ ತಂತ್ರಾಂಶ. ಅದರೊಳಗೆ ಕ್ಯಾಲ್ಕ್ ಅಂತ ಒಂದು ಭಾಗ. 2010ರಲ್ಲಿ ಓಪನ್ ಆಫೀಸ್‌ನಿಂದ ಬೇರೆಯಾಗಿ ಬಂದದ್ದು. ಕಾಸು ಕೊಡಬೇಕಾಗಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತೆ, ಕನ್ನಡದ ಮೆನುವನ್ನೂ ಹಾಕಿಕೊಳ್ಳಬಹುದು. ಎಕ್ಸೆಲ್ ಅಂತ ಎಲ್ಲರೂ ಹೇಳ್ತಾರಲ್ಲ, ಅದೂ ಈ ಜಾತಿಯದೇ. ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಇದೆ. ಇನ್ನೂ ದೊಡ್ಡ ಕೆಲಸಕ್ಕೆ ವಿಜ್ಞಾನಿಗಳು ಆರ್ ಎಂಬುದನ್ನು ಬಳಸುತ್ತಾರೆ. ಒಂದೇ ಅಕ್ಷರದ ಹೆಸರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರುಗಳು 1990ರ ದಶಕದಲ್ಲಿ ಮಾಡಿದ್ದು, ಅದೂ ಪುಕ್ಕಟೆ. ಅದರಲ್ಲಿ ಆಜ್ಞೆಗಳನ್ನು ಬರೆದು ಕೊಡಬೇಕು. ನನಗೆ ಅದು ಬೇಡವಾಯಿತು. ಖಾನೆ ಎಳೆದ ಹಾಳೆಯೇ ಸಾಕು.

ಕ್ಯಾಲ್ಕ್ ಅಂದ್ರೆ ಶಾನುಭೋಗರ ಲೆಕ್ಕದ ಪುಸ್ತಕದ ಹಾಗೆ ಅಡ್ಡಗೆರೆ ಉದ್ದಗೆರೆ ಎಳೆದ ಹಾಳೆ. ಮೊದಲ ಕಾಲಮ್ಮಿನಲ್ಲಿ ತಾರೀಖು, ಎರಡನೆಯದರಲ್ಲಿ ಮಳೆ, ಮೂರನೆಯದರಲ್ಲಿ ನಕ್ಷತ್ರ. ಅಷ್ಟೇ ನಾವು ತುಂಬಿದ್ದು. ಅವಳು ಓದಿ ಹೇಳಿದಳು, ನನ್ನ ಚಿಕ್ಕ ಮಗ ಒತ್ತಿದ. ಮೂರು ಸಂಜೆ ಹಿಡಿಯಿತು. ತುಂಬಿದ ಮೇಲೆ ಖಾನೆಗಳನ್ನು ಗುರುತು ಮಾಡಿ, ಇನ್ಸರ್ಟ್ ಅನ್ನುವಲ್ಲಿ ಹೋಗಿ ಚಾರ್ಟ್ ಒತ್ತಿದರೆ ನಕ್ಷೆ ಬರುತ್ತದೆ. ಕಂಬ ಬೇಕೋ ಗೆರೆ ಬೇಕೋ ಕೇಳುತ್ತದೆ. ದಿನದ ಮಳೆಗೆ ಕಂಬ ಚೆನ್ನ. ಯಾಕೆಂದರೆ ನಿನ್ನೆಯ ಮಳೆಗೂ ಇವತ್ತಿನ ಮಳೆಗೂ ನಡುವೆ ಗೆರೆ ಎಳೆಯುವಂಥ ನಂಟೇನೂ ಇಲ್ಲ. ಬಾವಿಯ ನೀರಿನ ಮಟ್ಟಕ್ಕಾದರೆ ಗೆರೆ ಸರಿ.

ನಾವು ಬಿದ್ದ ಹಳ್ಳಗಳು

ಮೊದಲ ನಕ್ಷೆ ಬಂದಾಗ ಎಲ್ಲರೂ ಖುಷಿಪಟ್ಟೆವು. ಆದರೆ ನೋಡ್ತಾ ನೋಡ್ತಾ ನನಗೆ ಅನುಮಾನ ಬಂತು. ಜನವರಿ ಫೆಬ್ರವರಿಯಲ್ಲಿ ಮಳೆಯ ಕಂಬ ನಿಂತಿವೆ! ನಮ್ಮ ಸೀಮೆಯಲ್ಲಿ ಆ ತಿಂಗಳಲ್ಲಿ ಇಬ್ಬನಿ ಬೀಳೋದೇ ಹೆಚ್ಚು. "ಕಂಪ್ಯೂಟರ್ ತಪ್ಪು ಮಾಡಲ್ಲ ಅಪ್ಪ" ಅಂತ ಮಗ ವಾದಕ್ಕೆ ನಿಂತ. ಪುಸ್ತಕ ತೆಗೆದು ನೋಡಿದರೆ ಅದು ಆರಿದ್ರೆಯ ಮಳೆ. ಜುಲೈ 1ನೇ ತಾರೀಖನ್ನು ನಾವು 1/7 ಅಂತ ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅವರಿಗೆ ಅದು ಜನವರಿ 7. ನಮ್ಮ ಕಂಪ್ಯೂಟರಿನಲ್ಲಿ ದೇಶ ಅಮೆರಿಕ ಅಂತ ಇತ್ತು, ನಾವು ನೋಡಿರಲಿಲ್ಲ. ಇನ್ನೊಂದು ಮೋಜು, 13/7 ಅಂತ ಬರೆದದ್ದನ್ನು ಅದು ತಾರೀಖು ಅಂತಲೇ ಒಪ್ಪಿರಲಿಲ್ಲ, ಯಾಕೆಂದರೆ ಹದಿಮೂರನೇ ತಿಂಗಳು ಎಲ್ಲಿದೆ? ಅವು ನಕ್ಷೆಯಲ್ಲಿ ಬಂದೇ ಇರಲಿಲ್ಲ. ದೇಶ ಭಾರತ ಅಂತ ಬದಲಿಸಿ ತಾರೀಖುಗಳನ್ನು ಮತ್ತೆ ತುಂಬಬೇಕಾಯಿತು. ಒಂದು ಸಂಜೆ ದಂಡ. ತುಂಬುವ ಮೊದಲೇ ಇದನ್ನು ನೋಡಿಕೊಳ್ಳಿ.

ಎರಡನೆಯದು ಸೊನ್ನೆ ಮತ್ತು ಖಾಲಿ. ಮಳೆ ಬಾರದ ದಿನ ನಾನು ಏನೂ ಬರೆಯುತ್ತಿರಲಿಲ್ಲ. ನಾನು ಊರಲ್ಲಿಲ್ಲದ ದಿನವೂ ಏನೂ ಬರೆದಿಲ್ಲ. 2017ರಲ್ಲಿ ಹರ್ನಿಯಾ ಆಪರೇಷನ್‌ಗೆ ಹನ್ನೊಂದು ದಿನ ದಾವಣಗೆರೆಯಲ್ಲಿದ್ದೆ. ಪುಸ್ತಕದಲ್ಲಿ ಎರಡೂ ಖಾಲಿ. ಮಳೆ ಬರಲಿಲ್ಲ ಅನ್ನೋದು ಒಂದು, ಗೊತ್ತಿಲ್ಲ ಅನ್ನೋದು ಇನ್ನೊಂದು. ಕಂಪ್ಯೂಟರ್ ಸರಾಸರಿ ತೆಗೆಯುವಾಗ ಖಾಲಿ ಖಾನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ತಗೊಳ್ಳುತ್ತದೆ. ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಈಗ ನಾನು ಮಳೆ ಇಲ್ಲದ ದಿನ ಕಡ್ಡಾಯ ಸೊನ್ನೆ ಬರೀತೀನಿ, ಅಳೆಯದ ದಿನ ಅಡ್ಡಗೆರೆ ಹಾಕ್ತೀನಿ.

ಮೂರನೆಯದು ನಮ್ಮದಲ್ಲ, ನಮಗೆ ಯಾರೋ ತೋಡಿದ ಹಳ್ಳ. ಒಂದು ಕಂಪನಿಯವರು ಊರಿಗೆ ಬಂದು ಬಾಟಲಿ ಔಷಧಿ ಮಾರುವಾಗ ಬಣ್ಣದ ಕಾಗದ ಹಂಚಿದ್ದರು. ಅದರಲ್ಲಿ ಎರಡು ಕಂಬ. ಸಿಂಪಡಿಸದ ಹೊಲದ್ದು ಗೇಣುದ್ದ ಕೂಡ ಇಲ್ಲ, ಸಿಂಪಡಿಸಿದ್ದು ಅದರ ಮೂರರಷ್ಟು. ನಾನೂ ಎರಡು ಬಾಟಲಿ ತಂದಿದ್ದೆ. ನಕ್ಷೆ ಓದಲು ಕಲಿತ ಮೇಲೆ ಆ ಕಾಗದ ಹುಡುಕಿ ನೋಡಿದೆ. ಎಡಗಡೆಯ ಅಂಕಿ ಸೊನ್ನೆಯಿಂದ ಶುರುವಾಗಿಲ್ಲ, ಐದರಿಂದ ಶುರುವಾಗಿದೆ. ಒಂದು ಕಂಬ ಐದೂವರೆ, ಇನ್ನೊಂದು ಆರೂವರೆ. ಬುಡ ಕತ್ತರಿಸಿದ ಮೇಲೆ ಉಳಿದದ್ದು ಅರ್ಧ ಮತ್ತು ಒಂದೂವರೆ, ಮೂರು ಪಟ್ಟು ಕಾಣದೆ ಇನ್ನೇನು? ಬರೆದ ಅಂಕಿ ಸುಳ್ಳಲ್ಲ, ಬರೆದ ಚಿತ್ರ ಸುಳ್ಳು. ಕಂಬದ ನಕ್ಷೆ ಕಂಡರೆ ಮೊದಲು ಬುಡ ನೋಡಿ, ಅಲ್ಲಿ ಸೊನ್ನೆ ಇದೆಯೋ ಇಲ್ಲವೋ.

ಗರಗಸದ ಹಲ್ಲು

ದಿನದ ಮಳೆಯ ಕಂಬ ನೋಡಿದರೂ ನನಗೆ ಬೇಕಾದ ಉತ್ತರ ಸಿಕ್ಕಿರಲಿಲ್ಲ. ನಮಗೆ ಬೆಳೆ ಕೆಡುವುದು ಮಳೆ ಬಂದ ದಿನದಿಂದಲ್ಲ, ಬಾರದ ದಿನದಿಂದ. "ಬಾರದ ದಿನವನ್ನು ಬರಿ ನೋಡೋಣ" ಅಂದೆ. ಮಗಳು ಸ್ವಲ್ಪ ಹೊತ್ತು ಯೋಚಿಸಿ ನಾಲ್ಕನೇ ಕಾಲಮ್ಮು ಮಾಡಿದಳು.

ಅದರ ಸೂತ್ರ ಮಾತಿನಲ್ಲಿ ಹೇಳಿದರೆ ಹೀಗೆ. ಇವತ್ತಿನ ಮಳೆ 2.5 ಮಿ.ಮೀ.ಗಿಂತ ಕಡಿಮೆ ಇದ್ದರೆ ನಿನ್ನೆಯ ಎಣಿಕೆಗೆ ಒಂದು ಕೂಡಿಸು. 2.5 ಅಥವಾ ಅದಕ್ಕೂ ಹೆಚ್ಚು ಬಂದಿದ್ದರೆ ಎಣಿಕೆಯನ್ನು ಸೊನ್ನೆ ಮಾಡು. ಎರಡೂವರೆ ಯಾಕೆ ಅಂದ್ರೆ ಹವಾಮಾನ ಇಲಾಖೆಯವರು ಮಳೆ ದಿನ ಅಂತ ಕರೆಯುವುದು ಅಷ್ಟು ಬಂದರೆ ಮಾತ್ರ. ಮೊದಲ ಖಾನೆಯಲ್ಲಿ ಬರೆದು ಕೆಳಗೆ ಎಳೆದರೆ ಸಾವಿರಾರು ಖಾನೆಗೂ ತಾನೇ ಇಳಿಯುತ್ತದೆ. ಕೈಯಲ್ಲಿ ಮಾಡಲಿಕ್ಕೆ ಹೋಗಿದ್ದರೆ ಒಂದು ಬೇಸಿಗೆ ಬೇಕಿತ್ತು.

ನಕ್ಷೆ ಬಂತು ನೋಡಿ, ಗರಗಸದ ಹಲ್ಲು! ಒಣ ದಿನ ಏರುತ್ತಾ ಏರುತ್ತಾ ಹೋಗಿ, ಮಳೆ ಬಂದ ದಿನ ದಬಕ್ಕನೆ ನೆಲಕ್ಕೆ. ಹಲ್ಲು ಚಿಕ್ಕದಿದ್ದ ಕಡೆ ಬೆಳೆ ಸುಖವಾಗಿದೆ. ಹಲ್ಲು ಉದ್ದ ಇದ್ದ ಕಡೆ ನನಗೆ ಆ ವರ್ಷದ ನೆನಪು ಬಂತು. 2023ರ ಹಲ್ಲು ಎಲ್ಲಕ್ಕಿಂತ ಎತ್ತರ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಇಡೀ ದೇಶದಲ್ಲೇ ಅತಿ ಒಣ ಆಗಸ್ಟ್ ಆಗಿತ್ತು. 2022ರದ್ದು ಗರಗಸವೇ ಅಲ್ಲ, ಹುಲ್ಲು ಸವರಿದ ಹಾಗೆ. ಆ ವರ್ಷ ಮಾರಿಕಣಿವೆ 89 ವರ್ಷದ ಮೇಲೆ ಕೋಡಿ ಬಿದ್ದದ್ದನ್ನು ನೋಡಲು ನಾವೂ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿದ್ದೆವು.

2017ರಲ್ಲಿ ಒಂದು ದೊಡ್ಡ ಹಲ್ಲು ಇತ್ತು. ನನ್ನ ಹೆಂಡತಿ ಹಿಂದೆ ನಿಂತು ನೋಡ್ತಿದ್ದವಳು "ಅದು ನಿಮ್ಮ ಆಪರೇಷನ್ನು" ಅಂದಳು. ನಿಜ. ಖಾಲಿ ಖಾನೆಯನ್ನು ಈ ಸೂತ್ರ ಒಣ ದಿನ ಅಂತ ಎಣಿಸಿತ್ತು. ಆ ಹನ್ನೊಂದು ದಿನ ಮಳೆ ಬಂದಿತ್ತು ಅಂತ ಅವಳಿಗೆ ಚೆನ್ನಾಗಿ ನೆನಪಿತ್ತು, ಸೋರುವ ಕೊಟ್ಟಿಗೆಗೆ ತಾಡಪಾಲು ಕಟ್ಟಿದವಳು ಅವಳೇ. ಆದರೆ ಎಷ್ಟು ಬಂತು ಅಂತ ಅಳತೆ ಇಲ್ಲ. 2017ನ್ನು ಪೂರ್ತಿ ಕೈಬಿಟ್ಟೆವು.

ಉಳಿದ ಹನ್ನೊಂದು ವರ್ಷಕ್ಕೆ ಒಂದು ಪಟ್ಟಿ ಮಾಡಿದೆವು. ಒಂದೊಂದು ಸಾಲಿಗೆ ಒಂದೊಂದು ವರ್ಷ, ಒಂದೊಂದು ಕಾಲಮ್ಮಿಗೆ ಒಂದೊಂದು ನಕ್ಷತ್ರ. ಖಾನೆಯಲ್ಲಿ ಆ ನಕ್ಷತ್ರದಲ್ಲಿ ಎಣಿಕೆ ಮುಟ್ಟಿದ ಅತಿ ಹೆಚ್ಚು ಅಂಕಿ. ಹದಿನೈದು ದಾಟಿದ್ದರೆ ಖಾನೆ ತಾನೇ ಕೆಂಪಾಗುವ ಹಾಗೆ ಮಾಡಬಹುದು. ಕೆಂಪು ಅಲ್ಲೊಂದು ಇಲ್ಲೊಂದು ಚೆಲ್ಲಿತ್ತು. ಆದರೆ ಮಘೆ, ಹುಬ್ಬೆ ಎರಡರ ಕೆಳಗೆ ಮಾತ್ರ ಮೆಣಸಿನಕಾಯಿ ಒಣಹಾಕಿದ ಹಾಗೆ ಕಾಣುತ್ತಿತ್ತು. ಹನ್ನೊಂದು ವರ್ಷದಲ್ಲಿ ಏಳು ವರ್ಷ. ಅಂದ್ರೆ ಆಗಸ್ಟ್ ಹದಿನಾರು ಹದಿನೇಳರಿಂದ ಸೆಪ್ಟೆಂಬರ್ ಹದಿಮೂರರ ಒಳಗೆ. ಪುನರ್ವಸುವಿನಲ್ಲಿ ಬಿತ್ತಿದ ಶೇಂಗಾ ಹೂಬಿಟ್ಟು, ಸೂಜಿ ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತು ಅದು. ನೆಲ ಗಟ್ಟಿಯಾದರೆ ಸೂಜಿ ಇಳಿಯುವುದೇ ಇಲ್ಲ. 2013ರಲ್ಲಿ ಬೀಜದವನದು ಏನೂ ತಪ್ಪಿರಲಿಲ್ಲ.

ಬೋರೋ ಹೊಂಡವೋ

ಮನೆಯಲ್ಲಿ ಆಗ ನಡೆಯುತ್ತಿದ್ದ ಜಗಳ ಬೋರಿನದು. ಒಂದು 650 ಅಡಿ, ಇನ್ನೊಂದು 820 ಅಡಿ ಕೊರೆಸಿ ಎರಡರಲ್ಲೂ ದೂಳು ಬಂದಿತ್ತು. ಮೊದಲನೆಯದರ ಸಾಲ ಇನ್ನೂ ತೀರಿರಲಿಲ್ಲ. 2023ರ ಬರದಲ್ಲಿ ಮಗ ಬೇಸತ್ತು, ಮೂರನೆಯದು ಸಾವಿರ ಅಡಿಗೆ ಹೋಗೋಣ, ಆಗದಿದ್ದರೆ ಬೆಂಗಳೂರಿಗೆ ಹೋಗ್ತೀನಿ ಅಂತ ಹೇಳಿಬಿಟ್ಟಿದ್ದ. ಎರಡು ಲಕ್ಷದ ಮೇಲೆ ಬೇಕು. ಸರದ ಮಾತು ಬಂದದ್ದು ಆಗ. ಅವಳು ಬೇಡ ಅನ್ನಲಿಲ್ಲ, ಕೊಡ್ತೀನಿ ಅಂತಲೂ ಅನ್ನಲಿಲ್ಲ.

ಕೆಂಪು ಖಾನೆಯ ಕಾಗದವನ್ನು ಅಡುಗೆಮನೆ ಗೋಡೆಗೆ ಅಂಟಿಸಿ ಎಲ್ಲರೂ ಕೂತು ನೋಡಿದೆವು. ನಮಗೆ ವರ್ಷವಿಡೀ ನೀರು ಬೇಕಾಗಿಲ್ಲ. ಬೇಕಾದದ್ದು ಒಂದು ನೀರು, ಹೆಚ್ಚೆಂದರೆ ಎರಡು, ಆ ಇಪ್ಪತ್ತೆಂಟು ದಿನದೊಳಗೆ. ಅದಕ್ಕೆ ಮೊದಲು ನೆಲದ ಮೇಲೆ ಹರಿದು ಹೋಗುವ ಮಳೆ ಪ್ರತಿ ವರ್ಷವೂ ಇದೆ, ಪುಸ್ತಕದಲ್ಲಿ ಒಂದೇ ದಿನಕ್ಕೆ 30, 40 ಮಿ.ಮೀ. ಬಿದ್ದ ದಿನಗಳು ಕಾಣುತ್ತವೆ.

ಲೆಕ್ಕ ಹಾಕಿದೆವು. ಎಕರೆಗೆ ಒಂದು ಅಂಗುಲ, ಅಂದ್ರೆ 25 ಮಿ.ಮೀ. ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್. ಮೇಲೆ 12 ಮೀಟರ್ ಚೌಕ, ಮೂರು ಮೀಟರ್ ಆಳ, ಇಳಿಜಾರು ಒಂದಕ್ಕೊಂದು ಇಟ್ಟರೆ ತಳ 6 ಮೀಟರ್ ಚೌಕ. ಅದರಲ್ಲಿ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಆವಿ, ಸೋರಿಕೆ ಕಳೆದರೆ ಎರಡು ಎಕರೆಗೆ ಒಂದು ನೀರು ಖಾತ್ರಿ. ಈ ಅಳತೆಯ ಹೊಂಡಕ್ಕೆ 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಲ್ಲಿ ಸಹಾಯಧನವೂ ಇತ್ತು. ಹಿಂದೆ ಊರಲ್ಲಿ ಆ ಮಾತು ಬಂದಾಗ "ಹೊಂಡದ ನೀರಲ್ಲಿ ಏನಾಗುತ್ತೆ" ಅಂತ ನಕ್ಕವರಲ್ಲಿ ನಾನೂ ಒಬ್ಬ. ಆರು ಎಕರೆಗೆ ಏನೂ ಆಗುವುದಿಲ್ಲ, ಸರಿಯೇ. ಹಾಗಾಗಿ ಶೇಂಗಾವನ್ನು ಐದು ಎಕರೆಯಿಂದ ಎರಡು ಎಕರೆಗೆ ಇಳಿಸಿದೆವು. ಉಳಿದದ್ದಕ್ಕೆ ಸಾವೆ, ನವಣೆ, ಅಕ್ಕಡಿ ಸಾಲಿನಲ್ಲಿ ತೊಗರಿ. ಮಗ ಒಂದು ವಾರ ಮಾತಾಡಲಿಲ್ಲ. ಆಮೇಲೆ ತಾನೇ ಹೋಗಿ ಜೆಸಿಬಿಯವನನ್ನು ಕರೆದು ತಂದ.

2024ರ ಬೇಸಿಗೆಯಲ್ಲಿ ಹೊಂಡ ಆಯಿತು. ಆ ವರ್ಷ ಅದು ಬೇಕೇ ಆಗಲಿಲ್ಲ, ಮಳೆ ಚೆನ್ನಾಗಿತ್ತು. ತುಂಬಿದ ಹೊಂಡದಲ್ಲಿ ಹುಡುಗರು ಈಜು ಕಲಿಯಬಾರದು ಅಂತ ಮುಳ್ಳುಬೇಲಿ ಹಾಕಿದ್ದೇ ಕೆಲಸ. 2025ರಲ್ಲಿ ಒಣಗಿತು, ಆದರೆ ನಕ್ಷೆ ಹೇಳಿದ ಹಾಗೆ ಮಘೆಯಲ್ಲಲ್ಲ, ಪುಷ್ಯದಲ್ಲಿ! ಹದಿನೇಳು ದಿನ. ಬೆಳೆ ಇನ್ನೂ ಎಳೆಯದು. ಹೊಂಡ ಅರ್ಧಕ್ಕಿಂತ ಕಡಿಮೆ ಇತ್ತು. ಬಾಡಿಗೆ ಎಂಜಿನ್ ತಂದು ಸ್ಪ್ರಿಂಕ್ಲರಿನಲ್ಲಿ ಒಂದು ಎಕರೆಗೆ ಕೊಟ್ಟೆವು, ಇನ್ನೊಂದು ಎಕರೆ ದೇವರಿಗೆ ಬಿಟ್ಟೆವು. ಕಿತ್ತಾಗ ನೀರು ಕೊಟ್ಟ ಎಕರೆಯಲ್ಲಿ ಆರು ಚೀಲ, ಕೊಡದ್ದರಲ್ಲಿ ನಾಲ್ಕು. ಹನ್ನೊಂದು ವರ್ಷದಲ್ಲಿ ಏಳು ಅಂದ್ರೆ ನಾಲ್ಕು ವರ್ಷ ಹಾಗಲ್ಲ ಅಂತಲೂ ಅರ್ಥ. ಇದು ಪಂಚಾಂಗ ಅಲ್ಲ, ಹಿಂದೆ ಏನಾಯಿತು ಅನ್ನುವ ಲೆಕ್ಕ ಅಷ್ಟೆ.

ಇನ್ನೊಂದು ಮಾತು ಹೇಳಬೇಕು, ಯಾರೂ ಮೋಸ ಹೋಗಬಾರದು. ಈ ಪುಸ್ತಕ, ಈ ನಕ್ಷೆ ತೋರಿಸಿ ಬೆಳೆ ವಿಮೆ ಕೇಳಬಹುದು ಅಂತ ಕೆಲವರು ಅಂದುಕೊಂಡರು. ಆಗುವುದಿಲ್ಲ. ಶೇಂಗಾದಂಥ ಮುಖ್ಯ ಬೆಳೆಗೆ ವಿಮೆ ನಿಂತಿರುವುದು ಪಂಚಾಯ್ತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಮೇಲೆ. ನಿಮ್ಮ ಹೊಲದ ಡಬ್ಬಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಕಂಪ್ಯೂಟರ್ ಇಲ್ಲದವರು ಏನು ಮಾಡಬೇಕು? ಮಕ್ಕಳ ಗ್ರಾಫ್ ಹಾಳೆಯಲ್ಲಿ ಗರಗಸದ ಹಲ್ಲು ಚೆನ್ನಾಗಿಯೇ ಬರುತ್ತದೆ. ಒಂದು ದಿನಕ್ಕೆ ಒಂದು ಚೌಕ ಬಲಕ್ಕೆ, ಒಣ ದಿನಕ್ಕೆ ಒಂದು ಚೌಕ ಮೇಲಕ್ಕೆ, ಮಳೆ ಬಂದರೆ ಬುಡಕ್ಕೆ. ದಿನಾ ಬೆಳಿಗ್ಗೆ ಒಂದು ನಿಮಿಷದ ಕೆಲಸ. ಹತ್ತು ವರ್ಷ ಸೇರಿಸಿ ನೋಡುವಾಗ ಮಾತ್ರ ಕಂಪ್ಯೂಟರ್ ಬೇಕಾಗುತ್ತದೆ, ಆಗ ಊರಲ್ಲಿ ಓದಿದ ಮಕ್ಕಳು ಯಾರಾದರೂ ಸಿಗುತ್ತಾರೆ. ಆದರೆ ಬರೆದಿಡದ ಮಳೆಯನ್ನು ಯಾರೂ ಹುಡುಕಿ ಕೊಡಲಾರರು. ಮನೆಯ ಕಂಪ್ಯೂಟರ್ ಒಮ್ಮೆ ಸಿಡಿಲಿಗೆ ಸುಟ್ಟು ಹೋಯಿತು, ಪುಸ್ತಕ ಇದ್ದದ್ದರಿಂದ ಬಚಾವಾದೆವು. ಮಗಳ ಹತ್ತಿರ ಇನ್ನೊಂದು ಪ್ರತಿ ಇದೆ.

ಈಗ ಡಬ್ಬಿ ನೋಡುವ ಕೆಲಸ ಹೆಂಡತಿಯದು. ನಾನು ಊರಲ್ಲಿದ್ದರೂ ಇಲ್ಲದಿದ್ದರೂ ಅವಳೇ ಬರೆಯುತ್ತಾಳೆ, ಮಳೆ ಇಲ್ಲದ ದಿನದ ಸೊನ್ನೆಯನ್ನು ದುಂಡಗೆ, ದೊಡ್ಡದಾಗಿ.